ಗೋಡೆ ಕೆಡವಿದರು, ಬಾಗಿಲು ಉಳಿಯಿತು: ಪ್ಯಾರಿಸ್‌ನ ಸ್ಯಾಂ ದೆನಿ ಹೆಬ್ಬಾಗಿಲ ಬಳಿ ಮತ್ತೊಂದು ಗಡಿ

ಪ್ಯಾರಿಸ್ ತನ್ನ ನಡುಪೇಟೆಗೆ ಕಾರು ಬಾರದಂತೆ ಬಾಗಿಲು ಹಾಕಿಕೊಂಡಿದೆ ಎಂಬ ಅರ್ಥದ ತಲೆಬರಹಗಳು 2024ರ ನವೆಂಬರ್‌ನಿಂದ ಆಗಾಗ ಕಾಣಿಸುತ್ತಿವೆ. ಅದರ ಹಿಂದೆಮುಂದೆಯೇ ಬಂದ ಬೇರೆ ಸುದ್ದಿಗಳೂ ಇವೆ. ಹಳೆಯ ಡೀಸೆಲ್ ಗಾಡಿಗಳಿಗೆ ನಿಷೇಧ, ಆ ನಿಷೇಧವನ್ನೇ ಕಿತ್ತುಹಾಕಬೇಕೆಂದು ಸಂಸತ್ತಿನಲ್ಲಿ ಮತ, ವರ್ತುಲ ರಸ್ತೆಯಲ್ಲಿ ವೇಗಕ್ಕೆ ಕಡಿವಾಣ, ಭಾರಿ ಎಸ್‌ಯುವಿಗಳಿಗೆ ಪಾರ್ಕಿಂಗ್ ಶುಲ್ಕ ಮೂರು ಪಟ್ಟು. ಎಲ್ಲ ಒಂದರ ಮೇಲೊಂದು ಬಿದ್ದು, ದೂರದಿಂದ ಓದುವವರಿಗೆ ಯಾವುದು ಯಾವ ನಿಯಮ ಎಂಬುದೇ ಗೊತ್ತಾಗದಷ್ಟು ಕಲಸಿಹೋಗಿದೆ. ರಜೆಗೆಂದು ಟಿಕೆಟ್ ಮಾಡಿಸಿಕೊಂಡವರು ‘ಹೋಟೆಲಿನ ತನಕ ಟ್ಯಾಕ್ಸಿ ಬರುತ್ತದೋ ಇಲ್ಲವೋ’ ಎಂದು ಕೇಳುವುದು ಸಹಜವೇ. ಬರುತ್ತದೆ.

ಈ ಹೊಸ ವಲಯದ ಉತ್ತರದ ಅಂಚು ಹಳೆಯ ಕೋಟೆಯ ಜಾಡಿನಲ್ಲಿ ಹಾಸಿದ ಅಗಲವಾದ ಬುಲೆವಾರ್‌ಗಳ ಉದ್ದಕ್ಕೂ ಹಾದುಹೋಗುತ್ತದೆ. ಆ ರಸ್ತೆಯಲ್ಲಿ, ನಗರದ 2 ಮತ್ತು 10ನೇ ವಾರ್ಡುಗಳು ಸೇರುವ ಕಡೆ, ಎಡಕ್ಕೂ ಬಲಕ್ಕೂ ಗೋಡೆಯೇ ಇಲ್ಲದ ಒಂದು ಕಲ್ಲಿನ ಹೆಬ್ಬಾಗಿಲು ಮುನ್ನೂರೈವತ್ತು ವರ್ಷಗಳಿಂದ ನಿಂತಿದೆ. ಹೆಸರು ಪೋರ್ತ್ ಸ್ಯಾಂ ದೆನಿ. ಫ್ರೆಂಚಿನಲ್ಲಿ ‘ಪೋರ್ತ್’ ಎಂದರೆ ಬಾಗಿಲು. ಊರಿನ ಒಳಗು ಯಾವುದು, ಹೊರಗು ಯಾವುದು, ದಾಟುವವನು ಏನು ಕೊಡಬೇಕು, ಯಾರಿಗೆ ವಿನಾಯಿತಿ ಎಂಬ ವ್ಯಾಜ್ಯ ಈ ಬಾಗಿಲಿನ ಸುತ್ತ ಇದು ಮೊದಲ ಸಲ ನಡೆಯುತ್ತಿರುವುದಲ್ಲ. ಹಿಂದಿನದನ್ನು ತಿಳಿದರೆ ಇಂದಿನ ಜಗಳದ ಅರ್ಧಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ನಿಯಮಗಳನ್ನು ಬಿಡಿಸೋಣ

2024ರ ನವೆಂಬರ್ 5ರಂದು ಜಾರಿಗೆ ಬಂದದ್ದು ‘ಸೀಮಿತ ಸಂಚಾರ ವಲಯ’. ನಗರದ ಒಂದರಿಂದ ನಾಲ್ಕನೇ ವಾರ್ಡುಗಳು ಇದರೊಳಗೆ ಬರುತ್ತವೆ. ಸೇನ್ ನದಿಯ ನಡುವಿನ ಎರಡು ದ್ವೀಪಗಳನ್ನೂ ದಂಡೆಯ ಮೇಲಿನ ರಸ್ತೆಯನ್ನೂ ಬಿಟ್ಟಿದ್ದಾರೆ. ಒಟ್ಟು ವಿಸ್ತೀರ್ಣ ಸುಮಾರು 5.5 ಚದರ ಕಿಲೋಮೀಟರ್. ಇಲ್ಲಿ ತಡೆದಿರುವುದು ಕಾರನ್ನಲ್ಲ, ಒಳಗೆ ಎಲ್ಲೂ ನಿಲ್ಲದೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬೀಳುವ ಸಂಚಾರವನ್ನು. ಒಳಗೆ ಮನೆಯಿದ್ದವರು, ಕೆಲಸವಿದ್ದವರು, ಅಂಗಡಿಗೆ ಸರಕು ತರುವವರು, ಡಾಕ್ಟರ ಬಳಿಗೋ ಸಿನಿಮಾಕ್ಕೋ ಬರುವವರು ಬರಬಹುದು. ಬಸ್, ಟ್ಯಾಕ್ಸಿ, ಆಂಬುಲೆನ್ಸ್‌ಗಳಿಗಂತೂ ಅಡ್ಡಿಯೇ ಇಲ್ಲ.

ಹೊಗೆಗೆ ಸಂಬಂಧಿಸಿದ ವಲಯದ ಕಥೆ ಬೇರೆ. ಅಲ್ಲಿ ಗಾಡಿ ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ, ಎಷ್ಟು ಹಳೆಯದು, ಯಾವ ಇಂಧನದ್ದು ಎಂದಷ್ಟೇ ನೋಡುತ್ತಾರೆ. ಗಾಜಿಗೆ ಅಂಟಿಸಿದ ಕ್ರಿಟ್‌ಏರ್ ಸ್ಟಿಕ್ಕರಿನ ಬಣ್ಣ ಮತ್ತು ಅಂಕಿ ಅದನ್ನು ಹೇಳುತ್ತದೆ. ಆ ವಲಯ ಪ್ಯಾರಿಸ್ ದಾಟಿ ಸುತ್ತಲಿನ ಉಪನಗರಗಳವರೆಗೂ ಹಬ್ಬಿದೆ. ಬಡವರ ಹಳೆಯ ಗಾಡಿಗಳಿಗೇ ಇದರ ಏಟು ಎಂಬ ಸಿಟ್ಟಿನಲ್ಲಿ ಫ್ರೆಂಚ್ ಸಂಸತ್ತಿನ ಕೆಳಮನೆ 2025ರಲ್ಲಿ ರದ್ದತಿಯ ಪರ ಮತ ಹಾಕಿತು. ವರ್ತುಲ ರಸ್ತೆಯ ವೇಗಮಿತಿ ಗಂಟೆಗೆ 70ರಿಂದ 50 ಕಿಲೋಮೀಟರಿಗೆ ಇಳಿದದ್ದು 2024ರ ಅಕ್ಟೋಬರ್‌ನಲ್ಲಿ. ಎಸ್‌ಯುವಿ ಪಾರ್ಕಿಂಗ್ ದರವೂ ಅದೇ ತಿಂಗಳು ಏರಿತು. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದವು ಎಂಬುದನ್ನು ಬಿಟ್ಟರೆ ಇವುಗಳ ನಡುವೆ ಕಾನೂನಿನ ನಂಟು ಕಡಿಮೆ. ಈ ಲೇಖನಕ್ಕೆ ಬೇಕಾದದ್ದು ಮೊದಲನೆಯದು, ಯಾಕೆಂದರೆ ‘ಯಾಕೆ ಬಂದೆ’ ಎಂದು ಕೇಳುವ ಗಡಿ ಅದೊಂದೇ.

ಗೋಡೆ ಬೀಳಿಸಿ ಬಾಗಿಲು ಕಟ್ಟಿದ ದೊರೆ

ಹದಿನಾಲ್ಕನೇ ಶತಮಾನದಲ್ಲಿ, ಇಂಗ್ಲಿಷರ ಜೊತೆ ನೂರು ವರ್ಷಗಳ ಯುದ್ಧ ನಡೆಯುತ್ತಿದ್ದಾಗ, ಪ್ಯಾರಿಸ್ಸಿಗರು ನದಿಯ ಬಲದಂಡೆಯಲ್ಲಿ ಹೊಸ ಕೋಟೆ ಕಟ್ಟಿಕೊಂಡರು. 1356ರ ಸುಮಾರಿಗೆ ಆರಂಭವಾದ ಕೆಲಸ ಐದನೇ ಶಾರ್ಲ್ ದೊರೆಯ ಕಾಲದಲ್ಲಿ ಮುಗಿಯುವ ಹಂತಕ್ಕೆ ಬಂತು. ಉತ್ತರದ ಸ್ಯಾಂ ದೆನಿ ದಾರಿ ಈ ಕೋಟೆಯನ್ನು ದಾಟುವಲ್ಲಿ ಬುರುಜುಗಳ ಬಲವಾದ ಬಾಗಿಲಿತ್ತು. ರಾಜರು ಪಟ್ಟಾಭಿಷೇಕ ಮುಗಿಸಿ ರಾಜಧಾನಿಗೆ ಮೆರವಣಿಗೆಯಲ್ಲಿ ಬರುತ್ತಿದ್ದದ್ದು ಇದೇ ದಾರಿಯಲ್ಲಿ. ಸತ್ತ ಮೇಲೆ ಅವರ ಶವ ಉತ್ತರಕ್ಕೆ ಕೆಲವು ಕಿಲೋಮೀಟರ್ ದೂರದ ಸ್ಯಾಂ ದೆನಿ ಚರ್ಚಿನ ಸಮಾಧಿಗೆ ಹೋಗುತ್ತಿದ್ದದ್ದೂ ಇದೇ ದಾರಿಯಲ್ಲಿ. 1594ರ ಮಾರ್ಚ್ 22ರಂದು ನಾಲ್ಕನೇ ಆನ್ರಿ ಪ್ಯಾರಿಸ್ಸನ್ನು ವಶಕ್ಕೆ ತೆಗೆದುಕೊಂಡಾಗ, ಊರಲ್ಲಿದ್ದ ಸ್ಪೇನಿನ ಪಡೆಯನ್ನು ಹೊರಗೆ ಕಳಿಸಿದ್ದು ಈ ಬಾಗಿಲಿನಿಂದಲೇ. ಬಾಗಿಲ ಮೇಲಿನ ಕಿಟಕಿಯಿಂದ ನೋಡುತ್ತಿದ್ದ ದೊರೆ, ನಿಮ್ಮ ಒಡೆಯನಿಗೆ ನಮಸ್ಕಾರ ತಿಳಿಸಿ, ಮತ್ತೆ ಮಾತ್ರ ಬರಬೇಡಿ ಎಂದನಂತೆ.

ಕಥೆ ತಿರುಗುವುದು 1670ರಲ್ಲಿ. ಹದಿನಾಲ್ಕನೇ ಲೂಯಿ ಪ್ಯಾರಿಸ್‌ನ ಕೋಟೆಗೋಡೆಗಳನ್ನು ಕೆಡವಿ, ಕಂದಕ ಮುಚ್ಚಿ, ಸಾಲುಮರದ ಅಗಲ ರಸ್ತೆ ಮಾಡಲು ಅಪ್ಪಣೆ ಕೊಟ್ಟ. ದೊರೆಯ ಲೆಕ್ಕಾಚಾರದಲ್ಲಿ ಫ್ರಾನ್ಸಿನ ರಕ್ಷಣೆಯ ಗೆರೆ ರಾಜಧಾನಿಯ ಸುತ್ತಲಿನಿಂದ ದೇಶದ ಗಡಿಗೆ ಸರಿದಿತ್ತು. ಗಡಿಯಲ್ಲಿ ಹೊಸ ಕೋಟೆಗಳು ಏಳುತ್ತಿದ್ದವು, ಆದ್ದರಿಂದ ಊರಿಗೆ ಗೋಡೆ ಬೇಡವಾಗಿತ್ತು. ಗೋಡೆಯಿಲ್ಲದ ರಾಜಧಾನಿ ಎಂದರೆ ಯಾರಿಗೂ ಹೆದರದ ದೊರೆ ಎಂಬ ಸಂದೇಶವೂ ಅದರಲ್ಲಿತ್ತು.

ಎರಡೇ ವರ್ಷಕ್ಕೆ, 1672ರಲ್ಲಿ, ಅದೇ ಜಾಗದಲ್ಲಿ ಹೊಸ ಹೆಬ್ಬಾಗಿಲು ಎದ್ದಿತು. ಖರ್ಚು ಪ್ಯಾರಿಸ್ ನಗರದ್ದು, ಕೀರ್ತಿ ದೊರೆಯದು. ಕಾಯುವುದಕ್ಕಾಗಲಿ ಮುಚ್ಚುವುದಕ್ಕಾಗಲಿ ಅಲ್ಲದ ಬಾಗಿಲು ಇದು. ಹುಟ್ಟಿದ ದಿನದಿಂದಲೂ ಇದರ ಅಕ್ಕಪಕ್ಕ ಕೋಟೆ ಇರಲಿಲ್ಲ ಎಂಬುದನ್ನು ಪ್ರವಾಸಿ ಕೈಪಿಡಿಗಳು ಸರಿಯಾಗಿ ಹೇಳುವುದಿಲ್ಲ. ಅದರಿಂದಾಗಿ ಇದನ್ನು ಮಧ್ಯಯುಗದ ಕೋಟೆಯ ಅವಶೇಷ ಎಂದುಕೊಂಡವರು ಬಹಳ.

ಕಲ್ಲಿನ ಮೇಲೆ ಏನಿದೆ

ಇದರ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂದೆಲ್. ಸೇನೆಯ ಎಂಜಿನಿಯರ್, ಗಣಿತಜ್ಞ, 1671ರಲ್ಲಿ ಆರಂಭವಾದ ರಾಜಮನೆತನದ ವಾಸ್ತುಶಿಲ್ಪ ಅಕಾಡೆಮಿಯ ಮುಖ್ಯಸ್ಥ. ಅಂಥವನ ಕೈಯಲ್ಲಿ ಬಾಗಿಲೂ ಲೆಕ್ಕದ ಪಾಠವಾಯಿತು. ಎತ್ತರ, ಅಗಲ ಎರಡೂ ಸುಮಾರು 25 ಮೀಟರ್, ಎದುರಿನಿಂದ ನೋಡಿದರೆ ಚೌಕ. ದಪ್ಪ ಮಾತ್ರ 5 ಮೀಟರ್. ನಡುವಿನ ಕಮಾನು 15 ಮೀಟರಿಗೂ ಮೀರಿ ಎತ್ತರ, ಸುಮಾರು 8 ಮೀಟರ್ ಅಗಲ. ಎರಡೂ ಬದಿಯ ಪೀಠಗಳಲ್ಲಿ ಕಾಲ್ನಡೆಯವರಿಗಾಗಿ ಒಂದೊಂದು ಪುಟ್ಟ ದಿಡ್ಡಿಬಾಗಿಲು ಕೊರೆದಿದ್ದಾರೆ. ಬ್ಲಾಂದೆಲ್‌ಗೆ ಅದು ಇಷ್ಟವಿರಲಿಲ್ಲ. ತನ್ನ ಪ್ರಮಾಣಬದ್ಧ ಪೀಠಕ್ಕೆ ತೂತು ಬಿತ್ತೆಂಬ ಬೇಸರ. ಗಾಡಿಗೊಂದು ದಾರಿ, ನಡೆಯುವವನಿಗೊಂದು ದಾರಿ ಬೇಕೆಂಬ ತಕರಾರು ಹದಿನೇಳನೇ ಶತಮಾನದಲ್ಲೇ ಇತ್ತು, ಮತ್ತು ನಡೆಯುವವನಿಗೆ ಸಿಕ್ಕದ್ದು ಆಗಲೂ ಕಿರಿದಾದದ್ದೇ.

ಉಬ್ಬುಶಿಲ್ಪಗಳನ್ನು ಕೆತ್ತಿದವನು ಮಿಶೆಲ್ ಆಂಗಿಯೆ. ಊರ ಕಡೆಯ ಮುಖದಲ್ಲಿ ಲೂಯಿಯ ಸೇನೆ 1672ರ ಜೂನ್‌ನಲ್ಲಿ ರೈನ್ ನದಿ ದಾಟಿದ ದೃಶ್ಯ, ಹೊರಪೇಟೆಯ ಕಡೆಗೆ ಮರುವರ್ಷ ಮಾಸ್ತ್ರಿಕ್ಟ್ ಕೋಟೆ ಹಿಡಿದ ದೃಶ್ಯ. ಹತ್ತಿರ ನಿಂತು ನೋಡಬೇಕಾದದ್ದು ಊರ ಕಡೆಯ ಕೆಳಭಾಗ. ಅಲ್ಲಿ ಹಾಲೆಂಡ್ ದೇಶ ಕಂಗೆಟ್ಟ ಹೆಂಗಸಾಗಿ ಕುಳಿತಿದೆ. ಅವಳ ಜೊತೆ ಅರೆಜೀವದ ಸಿಂಹ, ಅದರ ಪಂಜದಲ್ಲಿ ಏಳು ಬಾಣ. ಬಾಣಗಳು ಡಚ್ಚರ ಏಳು ಪ್ರಾಂತಗಳು. ಮೇಲೆ ದೊಡ್ಡಕ್ಷರದಲ್ಲಿ ‘ಲುಡೊವಿಕೊ ಮಾಗ್ನೊ’, ಮಹಾನ್ ಲೂಯಿಗೆ ಅರ್ಪಣೆ. ವಾಸ್ತವದಲ್ಲಿ ಡಚ್ಚರು ತಮ್ಮದೇ ಹೊಲಗದ್ದೆಗೆ ನೀರು ನುಗ್ಗಿಸಿ ಫ್ರೆಂಚ್ ದಂಡನ್ನು ನಿಲ್ಲಿಸಿಬಿಟ್ಟಿದ್ದರು, ಮಾಸ್ತ್ರಿಕ್ಟ್ 1678ರ ಒಪ್ಪಂದದಲ್ಲಿ ಅವರಿಗೇ ವಾಪಸಾಯಿತು. ಕಲ್ಲಿನಲ್ಲಿ ಮಾತ್ರ ಗೆಲುವು ಗೆಲುವಾಗಿಯೇ ಇದೆ.

1674ರಲ್ಲಿ, ಅದೇ ಬುಲೆವಾರ್‌ನಲ್ಲಿ ಕೂಗಳತೆಯ ದೂರದಲ್ಲಿ, ಬ್ಲಾಂದೆಲ್‌ನ ಶಿಷ್ಯ ಪಿಯೆರ್ ಬುಲೆ ಪೋರ್ತ್ ಸ್ಯಾಂ ಮಾರ್ತಾಂ ಕಟ್ಟಿದ. ಅದು ಕೊಂಚ ಗಿಡ್ಡ, ಮೂರು ಕಮಾನಿನದು. ಮುಂದೆ ನೆಪೋಲಿಯನ್ 1806ರಲ್ಲಿ ಆರಂಭಿಸಿದ, ಎಲ್ಲರೂ ಬಲ್ಲ ವಿಜಯ ಕಮಾನಿಗೆ ಈ ಜೋಡಿಯೇ ಪ್ಯಾರಿಸ್ಸಿನೊಳಗಿನ ಹಿರಿಯರು.

ಕೋಟೆ ಹೋದ ಮೇಲೆ ಸುಂಕದ ಗೋಡೆ

ಕೋಟೆ ಕೆಡವಿದ ಮೇಲೆ ಒಂದು ಸಮಸ್ಯೆ ಉಳಿಯಿತು. ಪ್ಯಾರಿಸ್ಸಿಗೆ ಬರುವ ದ್ರಾಕ್ಷಾರಸ, ಮಾಂಸ, ಸೌದೆ, ಹುಲ್ಲು ಎಲ್ಲದರ ಮೇಲೂ ಒಳಸುಂಕವಿತ್ತು. ಫ್ರೆಂಚರು ಅದನ್ನು ‘ಒಕ್ತ್ರುವಾ’ ಎನ್ನುತ್ತಿದ್ದರು. ಗೋಡೆಯಿದ್ದಾಗ ಸುಂಕದ ಕಟ್ಟೆ ಬಾಗಿಲಲ್ಲಿದ್ದರೆ ಸಾಕಿತ್ತು. ಗೋಡೆ ಹೋದಾಗ ಸರಕು ಸಂದಿಗೊಂದಿಗಳಿಂದ ನುಸುಳತೊಡಗಿತು. ಊರೂ ಹಳೆಯ ಗೆರೆ ದಾಟಿ ಬೆಳೆಯುತ್ತಿತ್ತು. ಸುಂಕ ವಸೂಲಿಯನ್ನು ಗುತ್ತಿಗೆ ಹಿಡಿದಿದ್ದ ಧನಿಕರ ಕೂಟಕ್ಕೆ ಇದರಿಂದ ನಷ್ಟ.

ಅವರು ಕಂಡುಕೊಂಡ ಉಪಾಯ, ಇನ್ನೊಂದು ಗೋಡೆ. 1784ರಿಂದ ಊರ ಸುತ್ತ ಸುಮಾರು 24 ಕಿಲೋಮೀಟರ್ ಉದ್ದಕ್ಕೆ ಅದು ಎದ್ದಿತು. ಶತ್ರುವನ್ನು ತಡೆಯಲಾಗದ, ವ್ಯಾಪಾರಿಯನ್ನು ಮಾತ್ರ ತಡೆಯುವ, ಮೂರು ಮೀಟರಿಗೆ ಸ್ವಲ್ಪವೇ ಮೀರಿದ ಗೋಡೆ. ದಾರಿಗಳು ದಾಟುವಲ್ಲೆಲ್ಲ ಕ್ಲೋದ್ ನಿಕೊಲಾ ಲೆದೂ ಎಂಬ ವಾಸ್ತುಶಿಲ್ಪಿ ಗುಡಿಯಂತೆ, ಅರಮನೆಯಂತೆ ಭವ್ಯವಾದ ಸುಂಕದ ಕಟ್ಟಡಗಳನ್ನು ನಿಲ್ಲಿಸಿದ. ಇದರಿಂದ ಸ್ಯಾಂ ದೆನಿ ಹೆಬ್ಬಾಗಿಲು ಗಡಿಯಿಂದ ಬಹಳ ಒಳಗೆ ಉಳಿಯಿತು, ಅಕ್ಷರಶಃ ಬರೀ ಅಲಂಕಾರವಾಯಿತು.

ಗೋಡೆಯ ಯೋಜನೆಗೆ ಒತ್ತಾಸೆಯಾಗಿದ್ದವನು ರಸಾಯನಶಾಸ್ತ್ರಜ್ಞ ಲವಾಸಿಯೆ. ಆತ ಸುಂಕದ ಗುತ್ತಿಗೆದಾರರಲ್ಲೂ ಒಬ್ಬ. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಕ್ರಾಂತಿಕಾರಿ ಪತ್ರಕರ್ತ ಮಾರಾ ಅವನ ಮೇಲೆ ಹೊರಿಸಿದ ಆರೋಪಗಳಲ್ಲೊಂದು ಇದು: ಗೋಡೆ ಕಟ್ಟಿಸಿ ಪ್ಯಾರಿಸ್ಸಿನ ಗಾಳಿಯನ್ನೇ ಬಂಧಿಸಿದ. ಉಸಿರಾಟದಲ್ಲಿ ಆಮ್ಲಜನಕದ ಪಾತ್ರ ತೋರಿಸಿಕೊಟ್ಟವನ ಮೇಲೆ ಗಾಳಿ ಕದ್ದ ಅಪವಾದ! ಇಂದು ಗಾಳಿ ಚೊಕ್ಕಟವಾಗಲಿ ಎಂದು ಎಳೆದ ಗೆರೆಯ ಬಗ್ಗೆಯೂ ‘ನಮ್ಮನ್ನು ಕಟ್ಟಿಹಾಕುತ್ತಿದ್ದೀರಿ’ ಎಂಬ ಕೂಗೇ ಕೇಳುತ್ತಿರುವುದನ್ನು ಗಮನಿಸಬೇಕು.

ಗೋಡೆಯ ಪರಿಣಾಮ ಎರಡು ಬಗೆಯದು. ಒಂದು, ಸುಂಕವಿಲ್ಲದ ಅಗ್ಗದ ಮದ್ಯಕ್ಕಾಗಿ ಗೋಡೆಯ ಆಚೆಗೆ ಹೆಂಡದಂಗಡಿಗಳು ಸಾಲುಗಟ್ಟಿದವು, ಜನ ವಾರದ ಕೊನೆಗೆ ಅಲ್ಲಿಗೆ ಹೋಗತೊಡಗಿದರು. ಗಡಿ ಎಳೆದವರು ಗಡಿಯಾಚೆಗೆ ಹೊಸ ಪೇಟೆ ಹುಟ್ಟಿಸಿದಂತಾಯಿತು. ಇನ್ನೊಂದು, ಸಿಟ್ಟು. 1789ರ ಜುಲೈಯಲ್ಲಿ ಜನ ಬಾಸ್ತೀಯ್ ಸೆರೆಮನೆಗೆ ನುಗ್ಗುವ ಮುನ್ನವೇ ಸುಂಕದ ಕಟ್ಟೆಗಳಿಗೆ ಬೆಂಕಿ ಇಟ್ಟಿದ್ದರು. 1791ರಲ್ಲಿ ಸುಂಕವನ್ನೇ ತೆಗೆದುಹಾಕಿದರು. ಬೊಕ್ಕಸ ಬರಿದಾಗಿ, 1798ರಲ್ಲಿ ಅದು ವಾಪಸ್ ಬಂತು. ಕೊನೆಗೂ ಹೋದದ್ದು 1943ರಲ್ಲಿ. ಲೆದೂ ಕಟ್ಟಿದವುಗಳಲ್ಲಿ ಇಂದು ಉಳಿದಿರುವುದು ನಾಲ್ಕು ಕಡೆ ಮಾತ್ರ.

ಯಾವ ಬಾಗಿಲು ಬಿತ್ತು, ಯಾವುದು ಉಳಿಯಿತು

ಸ್ಯಾಂ ದೆನಿಯ ಜೊತೆಯವು ಎಲ್ಲ ಉಳಿಯಲಿಲ್ಲ. ಊರಿನ ಪೂರ್ವಕ್ಕಿದ್ದ ಪೋರ್ತ್ ಸ್ಯಾಂತಾಂತ್ವಾನ್ ಅನ್ನು 1778ರಲ್ಲಿ ಕೆಡವಿದರು. ಕಾರಣ, ಗಾಡಿಗಳ ಓಡಾಟಕ್ಕೆ ಅಡ್ಡಿ. ಅದನ್ನೂ ಬ್ಲಾಂದೆಲ್‌ನೇ ದೊಡ್ಡದು ಮಾಡಿ ಸಿಂಗರಿಸಿದ್ದ. ಸ್ಯಾಂ ದೆನಿ ಬದುಕಿದ್ದಕ್ಕೆ ಅದರ ಸೊಬಗಿನಷ್ಟೇ ಸುತ್ತಲಿನ ಜಾಗವೂ ಕಾರಣ. ಕಂದಕ ಮುಚ್ಚಿದ ಬುಲೆವಾರ್ ಎಷ್ಟು ಅಗಲವಿತ್ತೆಂದರೆ ಗಾಡಿಗಳು ಬಾಗಿಲನ್ನು ಬಳಸಿಕೊಂಡೇ ಹೋಗಬಹುದಿತ್ತು. ದಾರಿಗೆ ಅಡ್ಡ ಬಾರದ ಸ್ಮಾರಕಕ್ಕೆ ಶತ್ರುಗಳು ಕಡಿಮೆ.

ಕ್ರಾಂತಿಕಾರಿಗಳು ಅದರ ರಾಜಸ್ತುತಿಯನ್ನು ಅಳಿಸಿದ್ದರು, ನೆಪೋಲಿಯನ್ ಕಾಲದಲ್ಲಿ ದುರಸ್ತಿಯಾಯಿತು. 1848ರ ಜೂನ್ 23ರಂದು ಕೆಲಸ ಕಳೆದುಕೊಂಡ ಕಾರ್ಮಿಕರು ಬಂಡೆದ್ದಾಗ ಮೊದಲ ಗುಂಡಿನ ಕಾಳಗ ನಡೆದದ್ದು ಇದೇ ಬಾಗಿಲ ಬಳಿಯ ಅಡ್ಡಗಟ್ಟೆಯಲ್ಲಿ. 1862ರಲ್ಲಿ ಇದನ್ನು ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದರು.

ಈ ನಡುವೆ ಗಡಿ ಹೊರಹೊರಕ್ಕೆ ಸರಿಯುತ್ತಲೇ ಇತ್ತು. 1840ರ ದಶಕದಲ್ಲಿ ಇನ್ನೂ ಆಚೆಗೆ, 33 ಕಿಲೋಮೀಟರಿಗೂ ಉದ್ದದ ಮಿಲಿಟರಿ ಕೋಟೆ ಎದ್ದಿತು. 1860ರ ಜನವರಿ 1ರಂದು ಅದರೊಳಗಿನ ಹಳ್ಳಿಗಳೆಲ್ಲ ಪ್ಯಾರಿಸ್ಸಿಗೆ ಸೇರಿ, ವಾರ್ಡುಗಳು 12ರಿಂದ 20 ಆದವು. ಮೊದಲ ಮಹಾಯುದ್ಧದ ಬಳಿಕ ಆ ಕೋಟೆಯೂ ಬಿತ್ತು. ಅದರ ಸುತ್ತ ಬಿಟ್ಟಿದ್ದ ಖಾಲಿ ಪಟ್ಟಿಯಲ್ಲಿ 1973ರ ಹೊತ್ತಿಗೆ 35 ಕಿಲೋಮೀಟರ್ ವರ್ತುಲ ರಸ್ತೆ ಪೂರ್ಣವಾಯಿತು. ಅದರಿಂದ ಊರಿಗಿಳಿಯುವ ತಾಣಗಳಿಗೆ ಇಂದಿಗೂ ಪೋರ್ತ್ ಮೈಯೊ, ಪೋರ್ತ್ ದ ಲಾ ಶಪೆಲ್ ಎಂದೇ ಹೆಸರು. ಅಲ್ಲೆಲ್ಲೂ ಬಾಗಿಲಿಲ್ಲ, ಹೆಸರಷ್ಟೇ. ಸ್ಯಾಂ ದೆನಿಯಲ್ಲಿ ಬಾಗಿಲಿತ್ತು, ಗಡಿಯಿರಲಿಲ್ಲ. 2024ರ ನಿಯಮದಿಂದ ಗಡಿಯೊಂದು ಮತ್ತೆ ಅದರ ಬುಡಕ್ಕೆ ಬಂದು ನಿಂತಿದೆ.

ಯಾರು ಏನನ್ನುತ್ತಾರೆ

ನಿಯಮ ತಂದದ್ದು 2014ರಿಂದ ಮೇಯರ್ ಆಗಿದ್ದ ಆನ್ ಇದಾಲ್ಗೊ ಅವರ ಆಡಳಿತ. ನಡುಪೇಟೆಯ ಬೀದಿಗಳು ಇಕ್ಕಟ್ಟಿನವು, ಅಲ್ಲಿ ಓಡುವ ಗಾಡಿಗಳಲ್ಲಿ ದೊಡ್ಡ ಪಾಲಿಗೆ ಅಲ್ಲಿ ಕೆಲಸವೇ ಇಲ್ಲ, ಬರೀ ಅಡ್ಡದಾರಿ ಹಿಡಿದವು ಎಂಬುದು ಅವರ ವಾದ. ಅವನ್ನು ಹೊರಗಿಟ್ಟರೆ ಬಸ್ಸು ಬೇಗ ಸಾಗುತ್ತದೆ, ಸದ್ದು ತಗ್ಗುತ್ತದೆ, ಸೈಕಲ್ಲಿಗೂ ಕಾಲ್ನಡಿಗೆಗೂ ಜಾಗ ಸಿಗುತ್ತದೆ, ನಿಜವಾಗಿ ಒಳಗೆ ಬರಬೇಕಾದವನಿಗೂ ದಾರಿ ಬಿಡುವಾಗುತ್ತದೆ. ನದಿಯ ಬಲದಂಡೆಯ ಕೆಳರಸ್ತೆಯನ್ನು 2016ರಲ್ಲಿ ನಡೆಯುವವರಿಗೆ ಬಿಟ್ಟುಕೊಟ್ಟದ್ದು, 2020ರಲ್ಲಿ ರ‍್ಯು ದ ರಿವೊಲಿಯಿಂದ ಖಾಸಗಿ ಕಾರುಗಳನ್ನು ಹೊರಗಿಟ್ಟದ್ದು, 2021ರಲ್ಲಿ ಊರಿನ ಬಹುತೇಕ ಬೀದಿಗಳಿಗೆ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕಿದ್ದು, ಇದೆಲ್ಲ ಅದೇ ಸರಣಿಯ ಕೊಂಡಿಗಳು.

ಎದುರಾಳಿಗಳು ಒಂದೇ ಬಣದವರಲ್ಲ. ಕೇಂದ್ರ ಸರಕಾರದ ಅಧೀನದಲ್ಲಿರುವ ಪೊಲೀಸ್ ಪ್ರಿಫೆಕ್ಟ್ ಕಚೇರಿಗೆ ಸುತ್ತಲಿನ ರಸ್ತೆಗಳು ಕಟ್ಟಿಕೊಳ್ಳುವ ಚಿಂತೆ. 2021ರಲ್ಲಿ ಪ್ರಕಟವಾದ ಮೂಲ ಯೋಜನೆ ನದಿಯ ಎಡದಂಡೆಗೂ ಚಾಚಿತ್ತು, 2022ರಲ್ಲಿ ಜಾರಿಯಾಗಬೇಕಿತ್ತು. ಎರಡು ವರ್ಷ ತಡವಾಗಿ, ಕುಗ್ಗಿದ ರೂಪದಲ್ಲಿ ಬರಲು ಈ ಎಳೆದಾಟವೂ ಕಾರಣ. ಬಲಪಂಥೀಯ ವಿರೋಧ ಪಕ್ಷದವರು ಇದನ್ನು ಶ್ರೀಮಂತ ನಡುಪೇಟೆಯವರು ಉಪನಗರದವರ ಮುಖಕ್ಕೆ ಬಾಗಿಲು ಹಾಕಿದಂತೆ ಎನ್ನುತ್ತಾರೆ. ಈ ಮಾತಿನಲ್ಲಿ ಲಾಭದ ರಾಜಕೀಯವಿದೆ, ಆದರೆ ಹುರುಳೂ ಇದೆ. ಪ್ಯಾರಿಸ್ ನಗರಸಭೆಯ ಮತದಾರರು ವರ್ತುಲ ರಸ್ತೆಯ ಒಳಗಿನವರು. ರಸ್ತೆ ಬಳಸುವವರಲ್ಲಿ ಹಲವರು ಅದರ ಹೊರಗಿನವರು, ಅವರಿಗೆ ಇಲ್ಲಿ ಮತವಿಲ್ಲ.

ಅಂಗಡಿಯವರ ಭಯ ಮೂರನೆಯದು. ಹೆಬ್ಬಾಗಿಲ ದಕ್ಷಿಣಕ್ಕೇ ಸಾಂತಿಯೆ ಎಂಬ ಹಳೆಯ ಬಟ್ಟೆಪೇಟೆಯಿದೆ. ಸಗಟು ವ್ಯಾಪಾರದ ಬಹುಪಾಲು ಉತ್ತರದ ಒಬೆರ್ವಿಲಿಯೆ ಉಪನಗರಕ್ಕೆ ಹೋಗಿಯಾಗಿದೆಯಾದರೂ ಬಟ್ಟೆಯ ಸುರುಳಿ ಹೊತ್ತ ಕೈಗಾಡಿಗಳು, ರಸ್ತೆ ಬದಿಗೆ ನಿಂತ ಬಿಳಿ ವ್ಯಾನುಗಳು ಈ ಬೀದಿಗಳಿಂದ ಪೂರ್ತಿ ಮರೆಯಾಗಿಲ್ಲ. ಬಾಗಿಲ ಉತ್ತರಕ್ಕೆ, ಗೆರೆಯ ಹೊರಗೆ, ಫೊಬೂರ್ ಸ್ಯಾಂ ದೆನಿ ಎಂಬ ಹೊರಪೇಟೆಯ ಬೀದಿ. ಅಲ್ಲೇ ಪಸಾಜ್ ಬ್ರಾದಿ ಎಂಬ ಗಾಜಿನ ಸೂರಿನ ಓಣಿಯಲ್ಲಿ 1970ರ ದಶಕದಿಂದ ಭಾರತ ಉಪಖಂಡದವರ ಊಟದಂಗಡಿಗಳಿವೆ. ಇನ್ನೂ ಮುಂದಕ್ಕೆ ನಡೆದರೆ ಲಾ ಶಪೆಲ್, ಶ್ರೀಲಂಕಾ ತಮಿಳರ ಪೇಟೆ. ಅಲ್ಲಿ ವರ್ಷಕ್ಕೊಮ್ಮೆ ಗಣೇಶನ ತೇರು ಎಳೆಯುತ್ತಾರೆ, ಬೀದಿಯಲ್ಲಿ ತೆಂಗಿನಕಾಯಿ ಈಡುಗಾಯಿ ಒಡೆಯುತ್ತಾರೆ. ನಿಯಮದ ಪ್ರಕಾರ ಸರಕಿನ ಗಾಡಿಗೆ ತಡೆಯಿಲ್ಲ. ಆದರೂ ‘ನಿಷೇಧಿತ ವಲಯ’ ಎಂಬ ಫಲಕ ಕಂಡ ಗಿರಾಕಿ ವಿವರ ಓದುವ ಗೋಜಿಗೆ ಹೋಗದೆ ಬೇರೆ ಕಡೆ ತಿರುಗಿಬಿಡುತ್ತಾನೆ ಎಂಬ ಅಂಗಡಿಯವರ ಆತಂಕವನ್ನು ಅಸಂಬದ್ಧ ಎನ್ನಲಾಗದು.

ಕಾವಲುಗಾರನಿಲ್ಲದ ಬಾಗಿಲು

ಈ ನಿಯಮದ ನಿಜವಾದ ದುರ್ಬಲ ಜಾಗ ಇಲ್ಲಿದೆ. ಹಳೆಯ ಸುಂಕದ ಕಟ್ಟೆಯಲ್ಲಿ ಗಾಡಿ ನಿಲ್ಲಲೇಬೇಕಿತ್ತು, ಪೀಪಾಯಿ ತೆರೆದು ತೋರಿಸಲೇಬೇಕಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿರಲಿಲ್ಲ. ಹೊಸ ವಲಯದ ಅಂಚಿನಲ್ಲಿ ಗೇಟಿಲ್ಲ, ಫಲಕ ಮತ್ತು ರಸ್ತೆಯ ಮೇಲಿನ ಬರಹ ಅಷ್ಟೇ. ಪೊಲೀಸರು ಅಲ್ಲೊಬ್ಬರನ್ನು ಇಲ್ಲೊಬ್ಬರನ್ನು ನಿಲ್ಲಿಸಿ ಕೇಳಬೇಕು. ಚಾಲಕ ಅಂಗಡಿಯ ರಸೀದಿಯೋ ಸಿನಿಮಾ ಟಿಕೆಟ್ಟೋ ತೋರಿಸಬೇಕು, ಇಲ್ಲವೇ ಒಳಗೆ ಕೆಲಸವಿದೆ ಎಂದು ತಾನೇ ಸಹಿ ಹಾಕಿದ ಹೇಳಿಕೆ ಕೊಡಬೇಕು. ಇಲ್ಲಿ ಸುಖದುಃಖ ಹೇಳಿಕೊಂಡರೆ ಕೇಳುತ್ತಾರೆ, ತೊಡಕಾಗಿರುವುದೇ ಅದು.

ಇದಕ್ಕೆ ಕಾರಣ ನಿಯಮದ ಸ್ವರೂಪ. ಹೊಗೆಯ ವಲಯದಲ್ಲಿ ನೋಡಬೇಕಾದದ್ದು ಗಾಡಿಯ ವಯಸ್ಸು, ಅದು ನೋಂದಣಿ ಸಂಖ್ಯೆಯಿಂದ ಗೊತ್ತಾಗುತ್ತದೆ. ಲಂಡನ್ನಿನಲ್ಲಿ 2003ರಿಂದ ಇರುವ ದಟ್ಟಣೆ ಶುಲ್ಕದಲ್ಲಿ ನೋಡಬೇಕಾದದ್ದು ಹಣ ಕಟ್ಟಿದ್ದಾನೋ ಇಲ್ಲವೋ, ಅದನ್ನೂ ಕ್ಯಾಮೆರಾ ಹೇಳುತ್ತದೆ. ಪ್ಯಾರಿಸ್‌ನಲ್ಲಿ ನೋಡಬೇಕಾದದ್ದು ಚಾಲಕನ ಉದ್ದೇಶ. ಉದ್ದೇಶ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹೆಚ್ಚೆಂದರೆ ಒಂದು ಗಾಡಿ ಯಾವಾಗ ಒಳಹೊಕ್ಕಿತು, ಎಷ್ಟು ಹೊತ್ತಿಗೆ ಹೊರಬಿತ್ತು ಎಂದು ಎರಡು ಕಡೆ ಚಿತ್ರ ತೆಗೆದು ಊಹಿಸಬಹುದು. ಇಟಲಿಯ ಊರುಗಳು ಇಂಥ ವಲಯಗಳಿಗೆ ಕ್ಯಾಮೆರಾ ಹಾಕಿ ದಶಕಗಳಾದವು, ಅಲ್ಲಿ ಬಾಡಿಗೆ ಕಾರು ತೆಗೆದುಕೊಂಡ ಪ್ರವಾಸಿಗಳಿಗೆ ತಿಂಗಳುಗಳ ನಂತರ ಮನೆಗೇ ದಂಡದ ಚೀಟಿ ಬರುವುದು ಮಾಮೂಲು. ಪ್ಯಾರಿಸ್‌ನ ವಲಯ ಅಂಥ ಯಂತ್ರದ ಕಣ್ಣಿಲ್ಲದೆಯೇ ಶುರುವಾಯಿತು. ಮೊದಲು ತಿಳಿವಳಿಕೆಯ ಅವಧಿ, ಆಮೇಲೆ 135 ಯೂರೊ ದಂಡ ಎಂಬ ಯೋಜನೆ ಇತ್ತು. ದಂಡ ಹಾಕುವ ಕೈಗಳು ಕಡಿಮೆಯಿದ್ದರೆ ಆ ಮೊತ್ತ ಎಷ್ಟಿದ್ದರೂ ಒಂದೇ.

ನಗರದವರ ಪರವಾಗಿ ಒಂದು ಮಾತು ಹೇಳಬಹುದು. ಶುಲ್ಕ ವಿಧಿಸಿದ್ದರೆ ಹಣವಿದ್ದವನು ಕೊಟ್ಟು ನುಗ್ಗುತ್ತಿದ್ದ, ಇಲ್ಲದವನು ಸುತ್ತುತ್ತಿದ್ದ. ಅದು ಒಕ್ತ್ರುವಾದ ಹೊಸ ಅವತಾರವೇ ಆಗುತ್ತಿತ್ತು. ಉದ್ದೇಶ ಕೇಳುವ ನಿಯಮ ನ್ಯಾಯದ ದೃಷ್ಟಿಯಿಂದ ಮೇಲು, ಜಾರಿಯ ದೃಷ್ಟಿಯಿಂದ ಕೀಳು. ಈ ಎರಡರ ನಡುವೆ ಆಯ್ಕೆ ಮಾಡಿಕೊಂಡಿದ್ದೇವೆ ಎಂದು ನಗರಸಭೆ ಜನರಿಗೆ ಬಿಡಿಸಿ ಹೇಳದೆ ಹೋದದ್ದೇ ಅದರ ದೊಡ್ಡ ತಪ್ಪು.

ಕಲ್ಲಿಗೂ ಗಾಳಿಗೂ ಏನು ಸಂಬಂಧ

ಈ ಚರ್ಚೆಯಲ್ಲಿ ಸ್ಮಾರಕ ಬರೀ ನೋಡುಗನಲ್ಲ. ಬಾಗಿಲು ಕಟ್ಟಿರುವುದು ಸುಣ್ಣಕಲ್ಲಿನಿಂದ. ಗಾಳಿಯಲ್ಲಿರುವ ಗಂಧಕದ ಡೈಆಕ್ಸೈಡ್ ತೇವದ ಜೊತೆ ಸೇರಿ ಆಮ್ಲವಾಗುತ್ತದೆ, ಅದು ಸುಣ್ಣಕಲ್ಲಿನ ಮೇಲ್ಮೈಯನ್ನು ಜಿಪ್ಸಮ್ ಆಗಿ ಮಾರ್ಪಡಿಸುತ್ತದೆ. ಮಳೆನೀರು ನೇರ ಬೀಳುವ ಕಡೆ ಜಿಪ್ಸಮ್ ತೊಳೆದುಹೋಗಿ ಕಲ್ಲು ಸವೆಯುತ್ತದೆ. ಮಳೆ ತಾಕದ ಮರೆಗಳಲ್ಲಿ, ಅಂದರೆ ಉಬ್ಬುಶಿಲ್ಪದ ಮಡಿಕೆಗಳಲ್ಲಿ, ಕಮಾನಿನ ಒಳಮೈಯಲ್ಲಿ, ಅದು ಮಸಿಯನ್ನು ಹಿಡಿದಿಟ್ಟುಕೊಂಡು ಕಪ್ಪು ಹಕ್ಕಳೆಯಾಗುತ್ತದೆ. ಹಕ್ಕಳೆ ಎದ್ದಾಗ ತನ್ನ ಜೊತೆ ಕೆತ್ತನೆಯ ಪದರವನ್ನೂ ಕಿತ್ತುಕೊಂಡು ಬರುತ್ತದೆ.

ಇದರ ಪೂರ್ತಿ ಹೊಣೆ ಕಾರಿನದಲ್ಲ. ಗಂಧಕದ ಬಹುಪಾಲು ಬಂದದ್ದು ಕಲ್ಲಿದ್ದಲಿನ ಕಾಲದಲ್ಲಿ. ಯುರೋಪಿನಲ್ಲಿ ವಾಹನದ ಇಂಧನದಿಂದ ಗಂಧಕವನ್ನು 2009ರ ಹೊತ್ತಿಗೆ ಬಹುತೇಕ ತೆಗೆದುಹಾಕಿದ್ದಾರೆ. ಈಗ ಉಳಿದಿರುವುದು ಮುಖ್ಯವಾಗಿ ಡೀಸೆಲ್ ಮಸಿ, ಸಾರಜನಕದ ಆಕ್ಸೈಡ್‌ಗಳು, ಟೈರು ಮತ್ತು ಬ್ರೇಕಿನ ದೂಳು. ವಿದ್ಯುತ್ ಕಾರು ಬಂದರೂ ಕೊನೆಯದು ಹೋಗುವುದಿಲ್ಲ. 1988ರಲ್ಲಿ ಈ ಬಾಗಿಲಿಗೆ ದೊಡ್ಡ ಪ್ರಮಾಣದ ದುರಸ್ತಿಯಾಗಿತ್ತು. ತೊಳೆದ ಕಲ್ಲು ಎಷ್ಟು ಕಾಲ ತಡೆಯುತ್ತದೆ ಎಂಬುದು ಅದರ ಬುಡದಲ್ಲಿ ಎಂಜಿನ್ ಉರಿಸಿಕೊಂಡು ನಿಂತ ಗಾಡಿಗಳ ಸಾಲನ್ನೂ ಅವಲಂಬಿಸಿದೆ.

ಸ್ಮಾರಕದ ನೆಪ ನ್ಯಾಯಾಲಯದಲ್ಲಿ ನಿಲ್ಲುತ್ತದೆ ಎಂಬುದೂ ಪ್ಯಾರಿಸ್‌ಗೆ ಗೊತ್ತು. ನದಿದಂಡೆಯ ರಸ್ತೆ ಮುಚ್ಚಿದ ಆದೇಶವನ್ನು ಆಡಳಿತ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಮಾಲಿನ್ಯದ ಅಂದಾಜು ಸರಿಯಾಗಿಲ್ಲ ಎಂಬುದು ಮುಖ್ಯ ಆಕ್ಷೇಪ. ಮರುತಿಂಗಳೇ ನಗರಸಭೆ ಹೊಸ ಆದೇಶ ಹೊರಡಿಸಿತು, ಈ ಸಲ ಯುನೆಸ್ಕೊ ಪಟ್ಟಿಯಲ್ಲಿರುವ ದಂಡೆಯ ಪರಂಪರೆಯನ್ನು ಕಾಯಬೇಕೆಂಬ ಕಾರಣ ಮುಂದಿಟ್ಟು. ಅದು ಗೆದ್ದಿತು.

ಮುಂದೇನಾಗಬಹುದು

ಗಡಿಗಳ ಹಳೆಯ ಚಾಳಿ ನೋಡಿದರೆ ಒಂದು ಪರಿಣಾಮ ಹೆಚ್ಚುಕಡಿಮೆ ಖಚಿತ. ಒಳಗೆ ತಗ್ಗಿದ ಓಡಾಟದ ಒಂದು ಭಾಗ ಅಂಚಿಗೆ ಬರುತ್ತದೆ, ಇನ್ನೊಂದು ಭಾಗ ಮಾಯವಾಗುತ್ತದೆ. ಮಾಯವಾಗುವುದು ಎಂದರೆ ಜನ ಮೆಟ್ರೋ ಹಿಡಿಯುತ್ತಾರೆ, ಹೊತ್ತು ಬದಲಿಸುತ್ತಾರೆ, ಹೊರಡುವುದನ್ನೇ ಬಿಡುತ್ತಾರೆ. ಅಂಚಿಗೆ ಬಂದದ್ದು ಸೇರುವುದು ಹೆಬ್ಬಾಗಿಲು ನಿಂತಿರುವ ಬುಲೆವಾರ್‌ಗಳನ್ನೇ. ಅವು ವಲಯದ ಹೊರಗಿರುವ ಬಳಸುದಾರಿಗಳು. ಒಳಗಿನ ನಿವಾಸಿ ನೆಮ್ಮದಿಯಾಗಿರುವಾಗ ಉತ್ತರದ ಹೊರಪೇಟೆಯವರು, ಅಲ್ಲಿಯ ಬಾಡಿಗೆ ಮನೆಯವರು, ಹೊಗೆ ಕುಡಿಯುವಂತಾದರೆ ಆಗ ವಿರೋಧ ಉಪನಗರದಿಂದಲ್ಲ, ಪಕ್ಕದ ವಾರ್ಡಿನಿಂದಲೇ ಏಳುತ್ತದೆ. ಆಗ ನಗರದ ಮುಂದೆ ಎರಡೇ ದಾರಿ. ಗೆರೆಯನ್ನು ಇನ್ನಷ್ಟು ಹೊರಕ್ಕೆ ಸರಿಸುವುದು, ಅಥವಾ ಬುಲೆವಾರ್‌ನಲ್ಲೇ ಕಾರಿನ ಸಾಲುಗಳನ್ನು ಕಡಿಮೆ ಮಾಡುವುದು. ಎರಡಕ್ಕೂ ಪೊಲೀಸ್ ಪ್ರಿಫೆಕ್ಟರ ಜೊತೆ ಮತ್ತೆ ಚೌಕಾಸಿಗೆ ಕೂರಬೇಕು.

ಇದಾಲ್ಗೊ ಮತ್ತೆ ಸ್ಪರ್ಧಿಸುವುದಿಲ್ಲ ಎಂದು 2024ರ ನವೆಂಬರ್‌ನಲ್ಲೇ ಹೇಳಿದ್ದರು. ಯಾರು ಆ ಕುರ್ಚಿಯಲ್ಲಿ ಕುಳಿತರೂ ವಲಯವನ್ನು ಒಂದೇ ಏಟಿಗೆ ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಒಳಗಿನ ಸುಮಾರು ಒಂದು ಲಕ್ಷ ನಿವಾಸಿಗಳಿಗೆ ಅದರ ರುಚಿ ಹತ್ತಿದ ಮೇಲೆ ಅವರೇ ಅಡ್ಡ ನಿಲ್ಲುತ್ತಾರೆ. ಸದ್ದಿಲ್ಲದೆ ತೆಗೆಯುವ ದಾರಿ ಬೇರೆಯಿದೆ: ಫಲಕಗಳನ್ನು ಹಾಗೆಯೇ ಬಿಟ್ಟು, ತಪಾಸಣೆಗೆ ಪೊಲೀಸರನ್ನು ಕಳಿಸದಿರುವುದು. ಆದ್ದರಿಂದ ಈ ಸುದ್ದಿಯನ್ನು ಹಿಂಬಾಲಿಸುವವರು ಭಾಷಣಗಳಿಗಿಂತ ಎರಡು ಸಂಗತಿ ನೋಡುತ್ತಿರಬೇಕು. ಒಂದು, ಕ್ಯಾಮೆರಾ ಮೂಲಕ ದಂಡ ಹಾಕಲು ಸಂಸತ್ತು ನಗರಗಳಿಗೆ ಅಧಿಕಾರ ಕೊಡುತ್ತದೆಯೇ ಎಂಬುದು. ಇನ್ನೊಂದು, ಬುಲೆವಾರ್ ಸ್ಯಾಂ ದೆನಿಯಲ್ಲಿ, ಗೆರೆಯ ಹೊರಬದಿಯಲ್ಲಿ, ದಿನಕ್ಕೆ ಹಾದುಹೋಗುವ ಗಾಡಿಗಳ ಲೆಕ್ಕ. ಒಳಗಿನ ಲೆಕ್ಕವನ್ನು ನಗರಸಭೆ ತಾನಾಗಿಯೇ ಮುಂದಿಡುತ್ತದೆ, ಹೊರಗಿನದನ್ನು ಕೇಳಿ ಪಡೆಯಬೇಕು.